ಕಟ್ಟೆಯ ಮೇಲಿನ ಮುಳ್ಳು

ಸಂತೆಯ ದಿನವೊಂದನ್ನು ಬಿಟ್ಟು ಯಾವತ್ತು ಬೇಕಾದರೂ ಅಳತೆಗೆ ಬರುತ್ತೇನೆ ಎಂದು ಹೇಳಿದವಳು ನಾನೇ. ಯಾರೂ ನನಗೆ ಹಾಗೆ ಹೇಳಿಕೊಟ್ಟಿರಲಿಲ್ಲ. ಹಳಿಯಾಳದ ಕೋಟೆಯ ಹಿಂದಿನ ಆ ಓಣಿಯಲ್ಲಿ ಎರಡು ಟಂಟಂ ರಿಕ್ಷಾ ಎದುರುಬದುರಾದರೆ ಒಂದು ಹಿಂದೆ ಸರಿಯಲೇಬೇಕು, ಅಷ್ಟು ಇಕ್ಕಟ್ಟು. ಸಂತೆಯ ದಿನ ಅಲ್ಲಿ ಟೇಪು ಬಿಚ್ಚಿದರೆ ಒಂದು ತುದಿಯನ್ನು ಯಾರೋ ತುಳಿಯುತ್ತಾರೆ, ನಡುವೆ ಆಡು ನುಗ್ಗುತ್ತದೆ, ಮೂರನೆಯವರು ಬಂದು ‘ರಸ್ತೆ ಅಗಲ ಮಾಡಾವ್ರೇನ್ರಿ?’ ಎಂದು ಜಗಳಕ್ಕೆ ನಿಲ್ಲುತ್ತಾರೆ. ಆ ರಗಳೆ ಯಾರಿಗೆ ಬೇಕು ಎಂದು, ಧಾರವಾಡದಿಂದ ಬೆಳಗಿನ ಬಸ್ಸು ಹಿಡಿದು, ಓಣಿ ಖಾಲಿ ಇರುವ ದಿನಗಳನ್ನೇ ಆರಿಸಿಕೊಂಡು ಬಂದೆ. ಕೆಲಸ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಯಿತು. ಅಷ್ಟು ಸಲೀಸಾಗಿ ಮುಗಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ನನ್ನದು ಹಳೆಯ ಕಟ್ಟಡಗಳ ದುರಸ್ತಿಯ ಕೆಲಸ. ದಾಂಡೇಲಿಯ ಹೊಳೆಯಲ್ಲಿ ರಾಫ್ಟಿಂಗ್ ಮಾಡಲು, ಜೋಯಿಡಾದ ಕಾಡು ಸುತ್ತಲು ಬರುವ ಪ್ರವಾಸಿಗರು ಮುಂಡಗೋಡದ ಟಿಬೆಟನ್ ಮಠಗಳನ್ನು ನೋಡಲು ಹೋಗುವಾಗ ಹಳಿಯಾಳದಲ್ಲಿ ಚಹಾಕ್ಕೆ ನಿಲ್ಲುತ್ತಾರೆ, ಕುಡಿದು ಹೋಗುತ್ತಾರೆ. ಅವರನ್ನು ಅರ್ಧ ದಿನ ಇಲ್ಲೇ ಹಿಡಿದು ನಿಲ್ಲಿಸಬೇಕು, ಹಳೆಯ ಮನೆಗಳು ಉಳಿಯಬೇಕು, ಓಣಿಯವರಿಗೂ ನಾಲ್ಕು ಕಾಸು ಆಗಬೇಕು ಎಂದು ಒಂದು ಯೋಜನೆ. ಹನ್ನೊಂದು ಮನೆಗಳ ಮುಂಭಾಗ ನನ್ನ ಪಾಲಿಗೆ ಬಂದವು. ಜಂಬಿಟ್ಟಿಗೆಯ ಗೋಡೆ, ಸಾಗವಾನಿ ಕಂಬ, ಕೆಂಪು ಹಂಚು. ಪ್ರತಿ ಮನೆಯ ಮುಂದೆ ಬೀದಿಗೆ ಅಂಟಿಕೊಂಡು ಉದ್ದನೆಯ ಕಟ್ಟೆ, ಕಟ್ಟೆಯ ಕೆಳಗೆ ಒಂದು ಮೆಟ್ಟಿಲು.

ನಕ್ಷೆಯಲ್ಲಿ ಯಾವ ಜಾಗ ಯಾವುದಕ್ಕೆ ಬಳಕೆಯಾಗುತ್ತದೆ ಎಂದು ಬಣ್ಣ ಹಾಕಿ ತೋರಿಸುವುದು ಪದ್ಧತಿ. ಮಲಗುವ ಕೋಣೆಗೆ ಒಂದು ಬಣ್ಣ, ಅಡುಗೆಮನೆಗೆ ಒಂದು, ಅಂಗಡಿಗೆ ಒಂದು. ಬಳಕೆ ಇಲ್ಲದ ಜಾಗಕ್ಕೆ ಬಣ್ಣವಿಲ್ಲ, ಬಿಳಿ. ನಾನು ಹೋದ ದಿನಗಳಲ್ಲಿ ಕಟ್ಟೆಗಳ ಮೇಲೆ ಒಂದು ನಾಯಿ ಮಲಗಿದ್ದನ್ನು ಬಿಟ್ಟರೆ ಏನೂ ಇರಲಿಲ್ಲ. ಹನ್ನೊಂದೂ ಕಟ್ಟೆಗಳನ್ನು ಬಿಳಿ ಬಿಟ್ಟೆ.

ಓಣಿಯ ಮೂಲೆಯ ಮನೆಯ ಕಟ್ಟೆ ಎಲ್ಲಕ್ಕಿಂತ ಉದ್ದ. ಕೆಲಸ ಅಲ್ಲಿಂದಲೇ ಶುರುವಾಗಬೇಕು ಎಂದಾಯಿತು, ಏಕೆಂದರೆ ಆ ಮನೆಯವರು ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಲು ಒಪ್ಪಿದ್ದರು. ಯಜಮಾನರು ದಾಂಡೇಲಿಯಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಅಲ್ಲಿಯ ಬಂಗೂರನಗರದ ಕ್ವಾರ್ಟರ್ಸ್ ಬಿಟ್ಟು ಹಿರಿಯರ ಮನೆಗೆ ಮರಳಿದ್ದರು. ಅವರ ಹೆಂಡತಿಯನ್ನು ಇಡೀ ಓಣಿ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಮನೆಯ ಮಾತೆಲ್ಲ ವೈನಿಯದೇ. ಮೊದಲ ದಿನವೇ ನನ್ನನ್ನು ಅಡುಗೆಮನೆಗೆ ಕರೆದು ಕೂಡಿಸಿ ಹೇಳಿದ್ದರು: “ನೋಡ ತಂಗಿ, ಮಗಳು ಬಾಣಂತನಕ್ಕ ಬರ್ತಾಳ. ನಮ್ಮವರ ಪಗಾರ ನಿಂತೈತಿ. ಆ ಎರಡು ಖೋಲಿ ಲಗೂನ ಸುರು ಆದ್ರ ನನ್ನ ಜೀವಕ್ಕ ಸಮಾಧಾನ. ನಿನ್ನ ಚಂದ ಆಮ್ಯಾಲೆ ಆಗವಲ್ದ್ಯಾಕ.”

ಆಗಲಿ ಎಂದೆ. ಆದರೆ ಸುಣ್ಣದ ಕೆಲಸ ಲಗೂನ ಆಗುವಂಥದ್ದಲ್ಲ.

ಹಿಂದೆ ಯಾರೋ ಬುದ್ಧಿವಂತರು ಆ ಕಟ್ಟೆಗೆ, ಗೋಡೆಯ ಬುಡಕ್ಕೆ ಸಿಮೆಂಟು ಮೆತ್ತಿಸಿದ್ದರು. ಜಂಬಿಟ್ಟಿಗೆ ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ. ಮೇಲೆ ಸಿಮೆಂಟು ಕೂತರೆ ತೇವ ಹೊರಗೆ ಬರಲಾಗದೆ ಕಲ್ಲನ್ನೇ ಒಳಗಿನಿಂದ ತಿನ್ನುತ್ತದೆ. ಸಿಮೆಂಟು ಕಿತ್ತು, ಗೋಡೆಯನ್ನು ಒಣಗಲು ಬಿಟ್ಟು, ಅಷ್ಟರಲ್ಲಿ ಹಿತ್ತಲಲ್ಲಿ ಹೊಂಡ ತೋಡಿ ಸುಣ್ಣದ ಹರಳು ನೆನೆಹಾಕಬೇಕು. ಅದು ಬೆಣ್ಣೆಯಾಗಲು ವಾರಗಟ್ಟಲೆ ಬೇಕು. ಆಮೇಲೆ ಸೋಸಿದ ಮರಳು, ಅಳಲೆಕಾಯಿ ಕೊಳೆಸಿದ ನೀರು, ಬೆಲ್ಲದ ನೀರು. ಇವನ್ನೆಲ್ಲ ಅರೆದು ಪದರ ಪದರವಾಗಿ ಮೆತ್ತಿ, ಮರದ ಹಲಗೆಯಿಂದ ಬಡಿದು, ಒದ್ದೆ ಗೋಣಿತಟ್ಟು ಹೊದಿಸಿ ಕಾಯಬೇಕು.

ಸಿಮೆಂಟು ಕೀಳಲು ಶುರು ಮಾಡಿದ ದಿನ ಸಂತೆ ಎಂಬುದು ನನಗೆ ನೆನಪಿರಲಿಲ್ಲ. ಗೌಂಡಿಯನ್ನು ಮುಧೋಳದ ಕಡೆಯಿಂದ ಕರೆಸಿದ್ದೆ. ಅವನು ಉಳಿ ಸುತ್ತಿಗೆ ಹಿಡಿದು ಬಂದು, “ಎಲ್ಲೆ ಕಡೀಲ್ರಿ ಮೇಡಂ, ಇಲ್ಲಿ ಜಾಗಾನ ಇಲ್ಲ” ಎಂದ. ನೋಡಿದರೆ ಇಡೀ ಕಟ್ಟೆಯ ತುಂಬ ಹರಕು ಬಟ್ಟೆ ಹರಡಿ, ನಡುವೆ ಒಂದು ಕೌದಿ ಹಾಸಿಕೊಂಡಿತ್ತು. ಹಳೆಯ ಸೀರೆ, ಪರಕಾರ, ಲುಂಗಿ, ಶಾಲೆಯ ಅಂಗಿಯ ತುಂಡುಗಳನ್ನೆಲ್ಲ ಜೋಡಿಸಿದ ಚಿಕ್ಕ ಕೌದಿ. ಅದರ ಒಂದು ಅಂಚಿನಲ್ಲಿ ಕಾಲು ನೀಡಿ ಕೂತು, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸೊಬ್ಬಳು ಹೊಲಿಯುತ್ತಿದ್ದಳು. ಪಕ್ಕದಲ್ಲಿ ಸಂತೆಗೆ ಬಂದವರಿಬ್ಬರು ಚೀಲ ಇಳಿಸಿ ಬಾಳೆಹಣ್ಣು ತಿನ್ನುತ್ತಿದ್ದರು.

“ಯಾರ್ರೀ ಇವರು?” ಎಂದು ವೈನಿಯನ್ನು ಕೇಳಿದೆ.

“ಯಾರಂದ್ರ? ಕೌದಿ ಅಕ್ಕ. ತೇರಗಾಂವದ ಆಚೆ ಅವರ ಊರು. ನಾ ಲಗ್ನಾ ಮಾಡ್ಕೊಂಡು ಬಂದಾಗಿಂದ ಸಂತಿಗೊಮ್ಮೆ ಇಲ್ಲೇ ಕುಂಡ್ರತಾಳ. ಓಣ್ಯಾಗ ಯಾರ ಮನಿ ಹರಕ ಇದ್ರೂ ಇಲ್ಲೇ ತಂದು ಕೊಡೂದು. ಇದು ಹುಟ್ಟೂ ಕೂಸಿಗೆ ಹಾಕಿಸೇನಿ.”

ನಾನು ಕೌದಿ ಅಕ್ಕನ ಹತ್ತಿರ ಹೋಗಿ, ಕಟ್ಟೆ ಕೆಲಸ ಶುರುವಾಗಿದೆ, ಸ್ವಲ್ಪ ದಿನ ಬೇರೆ ಕಡೆ ಕೂಡ್ರಿ ಎಂದೆ. ಆಕೆ ದಾರವನ್ನು ಹಲ್ಲಿನಿಂದ ಕಡಿದು, “ಆತ್ರಿ ಬಾಯಾರ” ಎಂದು ಕೌದಿಯನ್ನು ಮಡಚಿ ವೈನಿಯ ಕೈಗೆ ಕೊಟ್ಟಳು. ಬಾಳೆಹಣ್ಣಿನವರೂ ಎದ್ದರು. ವೈನಿಯ ಮುಖ ಚಿಕ್ಕದಾಯಿತು. ಆ ಓಣಿಯಲ್ಲಿ ಕಟ್ಟೆಯ ಮೇಲೆ ಕೂತವರನ್ನು ಎಬ್ಬಿಸುವ ರೂಢಿ ಇಲ್ಲ ಎಂದು ಆಮೇಲೆ ಒಳಗೆ ಕರೆದು ಹೇಳಿದರು. ಮನೆ ಮನೆಯವರದು, ಕಟ್ಟೆ ದಾರಿಯವರದು. ಕೂಡುವವರು ಕೇಳುವುದಿಲ್ಲ, ಮನೆಯವರು ಯಾರು ಎನ್ನುವುದಿಲ್ಲ.

“ಒಯ್ದು ಅವರ ಊರಲ್ಲೇ ಹೊಲಿದು ತಂದರಾಯಿತಲ್ಲ?” ಎಂದೆ.

“ಹಂಗ ಆಗೂದಿಲ್ಲವಾ. ಯಾವ ಕಟ್ಟಿ ಮ್ಯಾಲೆ ಸುರು ಮಾಡ್ಯಾರೊ ಅಲ್ಲೇ ಮುಗಸಬೇಕು. ಕಡೀ ಮೂಲಿ ಮುಚ್ಚೂಕಿಂತ ಮದಲ ಮನ್ಯಾಕಿ ಒಂದು ತುಣುಕು ರೊಟ್ಟಿ ಒಳಗಿಡತಾಳ. ಹಸದ ಕೌದಿ ಕೂಸಿಗೆ ಹೊಚ್ಚಬಾರ್ದು ಅಂತಾರ.”

ಮೂರು ವಾರದಲ್ಲಿ ಕಟ್ಟೆ ಬಿಟ್ಟುಕೊಡುತ್ತೇನೆ ಎಂದೆ. ಮಾತು ಕೊಡುವುದಕ್ಕೆ ಖರ್ಚಿಲ್ಲ. ಅಷ್ಟೆಲ್ಲ ಕಣ್ಣಾರೆ ನೋಡಿ, ಕಿವಿಯಾರೆ ಕೇಳಿ, ನನ್ನ ನಕ್ಷೆಯಲ್ಲಿ ಆ ಕಟ್ಟೆ ಇನ್ನೂ ಬಿಳಿಯಾಗಿದೆ ಎನ್ನುವುದು ಆ ದಿನ ನನ್ನ ತಲೆಗೆ ಬರಲಿಲ್ಲ. ಬಂದಿದ್ದು ಒಂದೇ, ಸಿಮೆಂಟು ಎಷ್ಟು ಗಟ್ಟಿ ಇದೆ ಎನ್ನುವುದು.

ಮೊದಲ ಪದರ ಮೆತ್ತಿದ ಮರುದಿನವೇ ಸಿಕ್ಕಾಪಟ್ಟೆ ಬೇಗ ಗಟ್ಟಿಯಾಯಿತು. ಬೆರಳಿನಿಂದ ತಟ್ಟಿದೆ, ಟಣ್ ಎಂದಿತು. ಸುಣ್ಣ ಹಾಗೆ ಸದ್ದು ಮಾಡುವುದಿಲ್ಲ. ಗೌಂಡಿಯನ್ನು ಕರೆದು ಅವನ ಮುಖ ನೋಡಿದೆ, ಅವನು ನೆಲ ನೋಡಿದ. “ಒಂದು ಬುಟ್ಟಿ ಸಿಮೆಂಟ್ ಹಾಕೇನ್ರಿ. ಲಗೂನ ಆಗಲಿ ಅಂತ ನೀವ ಅನ್ನಾಕತ್ತಿದ್ರಿ.” ನಾನು ಅಂದದ್ದು ನಿಜ. ಪೂರ್ತಿ ಕಿತ್ತು ಹಾಕಿ ಮೊದಲಿನಿಂದ ಶುರು ಮಾಡಿದೆವು. ಮೂರು ವಾರದ ಮಾತು ಅಲ್ಲಿಗೇ ಮಣ್ಣು ಪಾಲಾಯಿತು.

ಎರಡನೆಯ ಸಲ ಎಲ್ಲವನ್ನೂ ಎದುರಿಗೆ ನಿಂತು ಮಾಡಿಸಿದೆ. ಕೊನೆಯ ಪದರಕ್ಕೆ ಹೊಳೆಯ ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತಂದೆವು. ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಅದರ ಮೇಲೆ ಆಡಿನ ಗೊರಸಿನ ಗುರುತು, ಅದರ ಪಕ್ಕ ಯಾರದೋ ಚಪ್ಪಲಿಯ ಗುರುತು. ಹಗ್ಗ ಕಟ್ಟಿದ್ದೆವು, ಯಾರೋ ಬಿಚ್ಚಿಕೊಂಡು ಹೋಗಿದ್ದರು. ನನಗೆ ತಲೆ ಕೆಟ್ಟಿತು. “ಏನರ ಮಾಡು. ಒಂದು ನರಪಿಳ್ಳೆ ಈ ಕಟ್ಟೆ ಹತ್ತಬಾರದು” ಎಂದು ಗೌಂಡಿಗೆ ಹೇಳಿದೆ.

ಅವನು ಆ ಗುರುತುಗಳನ್ನು ಉಜ್ಜಿ ಅಳಿಸಿ, ಊರ ಹೊರಗಿನಿಂದ ಜಾಲಿಯ ಮುಳ್ಳುಕಂಟಿ ಕಡಿದು ತಂದು ಕಟ್ಟೆಯ ಉದ್ದಕ್ಕೂ ಒತ್ತೊತ್ತಾಗಿ ಹಚ್ಚಿದ. ಗಾರೆಗೆ ತಾಗದ ಹಾಗೆ ಕೆಳಗೆ ಇಟ್ಟಿಗೆ ಬೇರೆ ಕೊಟ್ಟಿದ್ದ. ನಾನು ಅದರ ಫೋಟೊ ತೆಗೆದು, ಚಲೋ ಆತು ಎಂದು ಅವನ ಬೆನ್ನು ತಟ್ಟಿ, ಬೇರೆ ಕೆಲಸಕ್ಕೆಂದು ಧಾರವಾಡಕ್ಕೆ ಹೋದೆ. ಅದೇ ವಾರ ವೈನಿಯ ಮಗಳಿಗೆ ದಿನ ತುಂಬಿತು. ಮನೆಗೆ ಬೀಗ ಹಾಕಿ ಅವರೆಲ್ಲ ಬೆಳಗಾವಿಯ ಆಸ್ಪತ್ರೆಗೆ ಹೋದರು.

ನಾನು ಮತ್ತೆ ಬಂದಾಗ ಮನೆಯಲ್ಲಿ ಕೂಸು ಅಳುತ್ತಿತ್ತು. ಹೆಣ್ಣು ಕೂಸು. ಸಿಹಿ ಕೇಳಲು ಬಾಯಿ ತೆರೆದವಳಿಗೆ ವೈನಿ ಚಹಾವನ್ನೂ ಕೊಡಲಿಲ್ಲ. ಕೂಸನ್ನು ಅಂಗಡಿಯ ಗುಲಾಬಿ ಬ್ಲ್ಯಾಂಕೆಟ್ಟಿನಲ್ಲಿ ಸುತ್ತಿದ್ದರು. ಅರ್ಧ ಹೊಲಿದ ಕೌದಿ ಗೂಡಿನಲ್ಲಿ ಮಡಚಿಟ್ಟ ಹಾಗೇ ಇತ್ತು.

“ಅಕ್ಕ ಬಂದಿಲ್ಲೇನ್ರಿ ವೈನಿ?”

“ಬಂದಿದ್ಳಂತ. ನಾವು ದವಾಖಾನ್ಯಾಗ ಇದ್ದಾಗ. ಎದರ ಮನ್ಯಾಕಿ ನೋಡ್ಯಾಳ. ಬಂದು ನಿಂತಳಂತ, ಬಾಗಲಾ ನೋಡಿದಳಂತ, ಮುಳ್ಳು ನೋಡಿದಳಂತ, ಹೊಳ್ಳಿ ಹೋದಳಂತ. ಮುಂದಿನ ಸಂತಿಗೂ ಬರಲಿಲ್ಲ, ಅದರ ಮುಂದಿನ ಸಂತಿಗೂ ಬರಲಿಲ್ಲ. ಮುಳ್ಳು ತಗೀ ಅಂದ್ರ ನಿನ್ನ ಗೌಂಡಿ, ಮೇಡಂ ಬರೂತನಕ ಮುಟ್ಟಬ್ಯಾಡ್ರಿ ಅಂದ.” ವೈನಿ ಕೂಸಿನ ಕಡೆ ನೋಡುತ್ತಲೇ ಹೇಳಿದರು. “ಎದರ ಮನ್ಯಾಕೀನೂ ಏನಂದ್ಕೊಂಡಾಳ ಗೊತ್ತೇನ? ಇವರೀಗ ಖೋಲ್ಯಾಗ ಬಾಡಿಗಿ ಪಾವಣೇರನ್ನ ಇಟ್ಕೊಳ್ಳೋವರು, ದೊಡ್ಡವರಾಗ್ಯಾರ, ಕಂಡ ಕಂಡವರನ್ನ ಕುಂಡ್ರಸಂಗಿಲ್ಲ ಅಂತ.”

“ಗಾರೆ ಹಸಿ ಇತ್ತಲ್ರಿ. ಕಾಯೋಕೆ ಹಚ್ಚಿದ್ದು.”

“ಬೆಂಕಿ ಹಚ್ಚು ನಿನ್ನ ಗಾರಿಗೆ. ಬಾಗಲಾಗ ಮುಳ್ಳು ಹಚ್ಚೂದು ಅಂದ್ರ ಏನಂತ ನಿಂಗ ಯಾರೂ ಹೇಳಿಲ್ಲೇನ ತಂಗಿ? ಹಿಂದಕ್ಕ ಊರಿಂದ ಹೊರಗ ಹಾಕಿದ ಮನಿಗೆ ಹಚ್ತಿದ್ರು. ನಿಮಗ ನಮಗ ಮುಗೀತು, ಬರಬ್ಯಾಡ್ರಿ ಅನ್ನೂದದು.”

ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಾನೂ ಇದೇ ಸೀಮೆಯಲ್ಲಿ ಬೆಳೆದವಳು. ಮನೆಗೆ ಮುಳ್ಳು ಹಚ್ಚಿದರು ಎಂಬ ಮಾತನ್ನು ಅಜ್ಜಿಯ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ. ಆದರೆ ಆ ಬೆಳಿಗ್ಗೆ ನನ್ನ ಕಣ್ಣಿಗೆ ಅದು ಬರೀ ಬೇಲಿಯಾಗಿ ಕಂಡಿತ್ತು. ನನ್ನ ಹೊಳಪಿನ ಗಾರೆ ಕೆಡಬಾರದು ಎನ್ನುವುದರ ಮುಂದೆ ಬೇರೇನೂ ಕಾಣಲಿಲ್ಲ. ಆ ಫೋಟೊ ನನ್ನ ಮೊಬೈಲಿನಲ್ಲಿ ಇನ್ನೂ ಇದೆ, ಅಳಿಸಲು ಮನಸ್ಸಾಗಿಲ್ಲ.

ಅವತ್ತೇ ಕಂಟಿಯನ್ನೆಲ್ಲ ಕಿತ್ತು ಹಿತ್ತಲಲ್ಲಿ ಸುಟ್ಟೆವು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಮರುದಿನ ತೇರಗಾಂವದ ಬಸ್ಸು ಹತ್ತಿ, ಅಲ್ಲಿಂದ ಕೇಳುತ್ತ ನಡೆದು ಕೌದಿ ಅಕ್ಕನ ಊರು ಮುಟ್ಟಿದೆ. ಆಕೆ ಕಬ್ಬಿನ ಹೊಲದಲ್ಲಿ ಕೂಲಿಗೆ ಹೋಗಿದ್ದಳು. ಕಡಿದ ಕಬ್ಬಿನ ಸೋಗೆಯನ್ನು ಹೊರೆ ಕಟ್ಟುತ್ತಿದ್ದಳು. ನನ್ನನ್ನು ನೋಡಿ ಗುರುತು ಹಿಡಿದು, ಹೊರೆಯನ್ನು ಮಂಡಿಯಿಂದ ಒತ್ತಿ ಬಿಗಿದು ಗಂಟು ಹಾಕಿಯೇ ಬಂದಳು.

“ಅಕ್ಕಾ, ಅದು ನಿಮಗಂತ ಹಚ್ಚಿದ ಮುಳ್ಳಲ್ಲ” ಎಂದೆ.

“ಯಾರಿಗಂತ ಮುಳ್ಳಿನ ಮ್ಯಾಲೆ ಬರದಿರ್ತದೇನ್ರಿ? ಬರದಿದ್ರೂ ನನಗ ಓದಾಕ ಬರೂದಿಲ್ಲ. ಮುಳ್ಳು ಮಾತ್ರ ತಿಳೀತೈತಿ.”

ಆಕೆ ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ನಗುತ್ತ ಹೇಳಿದಳು. ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, ಅಲ್ಲೇ ಬದುವಿನ ಮೇಲೆ ಕೂತಳು. ನನಗೂ ಕೈ ಮಾಡಿ ಕೂಡ್ರಿ ಎಂದಳು.

“ಸಿಟ್ಟಿಲ್ರಿ ಬಾಯಾರ. ವೈನಿ ಹಂಗ ಮಾಡಾಕಿ ಅಲ್ಲ ಅಂತ ನನಗೂ ಅನಸ್ತು, ಬಸ್ಸಿನ್ಯಾಗ ಕುಂತ ಮ್ಯಾಲೆ. ಆದ್ರ ಕಾಲು ಬರವಲ್ವು. ನಮ್ಮವ್ವನೂ ಅದ ಕಟ್ಟಿ ಮ್ಯಾಲೆ ಕೌದಿ ಹೊಲದಾಳ. ಅವಾಗ ಪ್ಯಾಟ್ಯಾಗ ನಮ್ಮನ್ನ ನೋಡಿದ್ರ ಹುಡುಗ್ರು ಕೂಗ್ತಿದ್ರು. ಚಾದಂಗಡ್ಯಾಗ ಹೊರಗ ನಿಂದರಸಿ ಕೊಡ್ತಿದ್ರು. ಎಲ್ಲೆ ಹೋದ್ರೂ ಕೂಡ್ಲ್ಯಾ, ನಿಂದರ್ಲ್ಯಾ ಅಂತ ಕೇಳೂದು. ಆ ಕಟ್ಟಿ ಒಂದ ನೋಡ್ರಿ, ಕೇಳೂದ ಇರಲಿಲ್ಲ. ಹೋದ್ವಿ, ಕುಂತ್ವಿ.”

ಮುಳ್ಳು ತೆಗೆದಿದ್ದೇವೆ, ಕೂಸು ಹುಟ್ಟಿದೆ, ಕೌದಿ ಕಾಯುತ್ತಿದೆ, ಬರಬೇಕು ಎಂದೆ. ಹೆಣ್ಣು ಕೂಸು ಎಂದು ಕೇಳಿ ಆಕೆಯ ಮುಖ ಅರಳಿತು. “ಕಬ್ಬು ಮುಗೀಲ್ರಿ, ನೋಡೂಣು” ಎಂದು ಹೊರೆ ಎತ್ತಿಸಿಕೊಂಡು ಹೋದಳು.

ಇಲ್ಲಿಗೆ ನಿಂತಿದ್ದರೆ ನನ್ನ ತಪ್ಪು ಮೂರು ಸಂತೆಗಳ ತಪ್ಪಾಗಿ ಉಳಿಯುತ್ತಿತ್ತು. ಎರಡು ದಿನ ಬಿಟ್ಟು ಯೋಜನೆಯ ಅಧಿಕಾರಿ ಕೆಲಸ ನೋಡಲು ಬಂದರು. ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ಬಿಸಿಲಿಗೆ ಹೊಳೆಯುತ್ತಿದ್ದ ಕಟ್ಟೆಯನ್ನು ಅಂಗೈಯಿಂದ ಸವರಿ, “ಮೇಡಂ, ಇದು ಕನ್ನಡಿ ಕಣ್ರೀ! ಇದರ ಮೇಲೆ ನಾಲ್ಕು ಮೇಜು ಹಾಕಿ ಕಾಫಿ ಕೊಟ್ಟರೆ ಜನ ಏಳೋದೇ ಇಲ್ಲ” ಎಂದರು. ಮೇಜು ಬರುವವರೆಗೆ ಕಟ್ಟೆ ಕೊಳೆಯಾಗಬಾರದು. ಕಂಬದಿಂದ ಕಂಬಕ್ಕೆ ಹಿತ್ತಾಳೆಯ ಸರಪಳಿ ಹಾಕಿಸಿ, ಅದನ್ನು ಬಿಗಿದು ಹಿಡಿಯುವ ಲೋಹದ ಬಳೆಗಳನ್ನು ಕಟ್ಟೆಯ ಗಾರೆಯಲ್ಲೇ ಕೂಡಿಸಿಬಿಡಿ ಎಂದರು.

“ಸಂತೆಯ ದಿನ ಇಲ್ಲಿ ಜನ ಕೂಡುತ್ತಾರೆ ಸರ್” ಎಂದೆ.

“ಹೌದಾ? ನಿಮ್ಮ ನಕ್ಷೆಯಲ್ಲಿ ಬಿಳಿ ಇದೆಯಲ್ಲ?”

ಅವರು ಕೊಂಕಿನಿಂದ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಆಗ ನಾನು ಹೇಳಬೇಕಿದ್ದ ಮಾತು ಬಹಳ ಸಣ್ಣದು. ನಾನು ಸಂತೆಯ ದಿನ ಬಂದೇ ಇಲ್ಲ, ಆ ನಕ್ಷೆ ತಪ್ಪು. ಇಷ್ಟೇ. ಪಕ್ಕದಲ್ಲಿ ಗೌಂಡಿ ನಿಂತಿದ್ದ, ವೈನಿಯ ಯಜಮಾನರು ನಿಂತಿದ್ದರು, ಅಧಿಕಾರಿಯ ಜೊತೆ ಬಂದ ನಾಲ್ಕು ಜನ ಇದ್ದರು. “ನೋಡ್ತೇನೆ ಸರ್” ಎಂದೆ. ಅವರೇ ಮುಂದುವರಿಸಿ, ಕೌದಿಯ ವಿಚಾರ ಕೇಳಿದ್ದೇನೆ, ಕೋಟೆಯ ಬಾಗಿಲ ಹತ್ತಿರ ಸಿದ್ದಿಯರಿಗೇ ಒಂದು ಮಳಿಗೆ ಕೊಡೋಣ, ಶನಿವಾರ ಸಂಜೆ ಅವರ ಡಮಾಮಿ ಕುಣಿತ ಇಡಿಸೋಣ, ಅವರಿಗೂ ಅನುಕೂಲ ಎಂದರು. ಕೌದಿ ಅಕ್ಕ ಕುಣಿಯುತ್ತಾಳೋ ಇಲ್ಲವೋ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಬಳೆ ಕೂಡಿಸಲು ರಂಧ್ರ ಕೊರೆಯುವ ಯಂತ್ರ ಹಿಡಿದಾಗ ಗೌಂಡಿ, “ಇಷ್ಟ್ ಚಂದ ಮಾಡಿ ತೂತು ಹೊಡಿಯೂದೇನ್ರಿ?” ಎಂದು ಬೇಸರ ಮಾಡಿಕೊಂಡ. ಹೊಡಿ ಎಂದೆ. ಸರಪಳಿ ಬಿತ್ತು. ನೋಡಲು ಚೆಂದವೇ ಇತ್ತು. ಮುಳ್ಳಿನ ಹಾಗೆ ಅಸಹ್ಯವಾಗಿರಲಿಲ್ಲ.

ಮುಂದಿನ ಸಂತೆಯ ದಿನ ನಾನು ಮೊಟ್ಟಮೊದಲ ಬಾರಿಗೆ ಆ ಓಣಿಗೆ ನಕ್ಷೆ ಹಿಡಿದು ಬಂದೆ. ಯಾರೂ ಬಾ ಎಂದು ಹೇಳಿರಲಿಲ್ಲ. ದುರಸ್ತಿಯಾಗದ ಹತ್ತು ಕಟ್ಟೆಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಒಂದರ ಮೇಲೆ ಮೀನು ಮಾರಿ ಬಂದವರು ಬುಟ್ಟಿ ಬೋರಲು ಹಾಕಿ ಕೂತಿದ್ದರು. ಇನ್ನೊಂದರ ಮೇಲೆ ಉಳವಿಯ ಯಾತ್ರೆಗೆ ಹೊರಟಿದ್ದ ಮುದುಕರು ಬುತ್ತಿ ಬಿಚ್ಚಿದ್ದರು. ಮತ್ತೊಂದರ ಮೇಲೆ ತಾಯಿಯೊಬ್ಬಳು ಕೂಸಿಗೆ ಹಾಲು ಕುಡಿಸುತ್ತಿದ್ದಳು, ಆ ಮನೆಯಾಕೆ ಅವಳ ಹಿಂದೆ ಕಿಟಕಿಯ ಪರದೆ ಎಳೆದುಕೊಂಡಳು, ಅಷ್ಟೇ. ನಾನು ಒಂದೊಂದಕ್ಕೂ ಬಣ್ಣ ಹಾಕುತ್ತ ಬಂದೆ. ಮೂಲೆಯ ಮನೆಗೆ ಬಂದಾಗ ಕೈ ನಿಂತಿತು. ಉದ್ದನೆಯ ಹೊಳೆಯುವ ಕಟ್ಟೆ, ಹಿತ್ತಾಳೆಯ ಸರಪಳಿ, ಒಬ್ಬರೂ ಇಲ್ಲ. ತಲೆಯ ಮೇಲೆ ಹೊರೆ ಹೊತ್ತ ಹೆಂಗಸೊಬ್ಬಳು ರೂಢಿಯಂತೆ ಅಲ್ಲಿ ಇಳಿಸಲು ಬಾಗಿ, ಸರಪಳಿ ನೋಡಿ, ಮತ್ತೆ ನೆಟ್ಟಗಾಗಿ ಮುಂದೆ ಹೋದಳು. ನನ್ನ ಹಳೆಯ ನಕ್ಷೆ ಸುಳ್ಳಾಗಿತ್ತಲ್ಲ, ಅದನ್ನು ನಾನೇ ನಿಜ ಮಾಡಿ ಇಟ್ಟಿದ್ದೆ.

ಗೌಂಡಿ ಎದುರು ಮನೆಯ ಕೆಲಸದಲ್ಲಿದ್ದ. ಅವನ ಉಳಿ ಸುತ್ತಿಗೆ ಇಸಿದುಕೊಂಡು ಬಳೆಗಳನ್ನು ಒಡೆಯಲು ಕೂತೆ. ಅವನು ಓಡಿ ಬಂದು, ನಿಮ್ಮ ಕೈಲಿ ಕಟ್ಟೆಯೇ ಹೋಗುತ್ತದೆ ಎಂದು ಕಸಿದುಕೊಂಡು ತಾನೇ ಕಿತ್ತ. ಬಳೆಯ ಜೊತೆ ಗಾರೆಯೂ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಹೊಳಪಿನ ನಡುವೆ ನಾಲ್ಕು ಕೆಂಪು ಗಾಯ. ಸದ್ದು ಕೇಳಿ ವೈನಿ ಕೂಸನ್ನು ಎತ್ತಿಕೊಂಡು ಹೊರಗೆ ಬಂದರು.

ಅವರಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಅವರ ಕಣ್ಣು ಕೆಂಪಾಯಿತು.

“ಈಗ ಸಾಹೇಬ್ರು ಖೋಲಿಗೆ ಪರವಾನಗಿ ಕೊಡ್ತಾರೇನ? ಮದಲ ಅಕ್ಕನ್ನ ಎಬ್ಬಿಸಿದಿ. ಈಗ ನಮ್ಮ ಹೊಟ್ಟಿ ಮ್ಯಾಲೆ ಹೊಡದಿ. ನಿನ್ನ ಮನಸಿಗೆ ಸಮಾಧಾನ ಆಗಬೇಕು, ಅದಕ್ಕ ನಮ್ಮ ಮನೀನ ಬೇಕೇನ?”

ಅವರನ್ನು ಕೇಳದೆ ಹಾಕಿದ್ದೆ, ಅವರನ್ನು ಕೇಳದೆ ಕಿತ್ತಿದ್ದೆ. ಒಳ್ಳೆಯದು ಮಾಡಲು ಹೊರಟಾಗಲೂ ಕೇಳುವ ಬುದ್ಧಿ ಬರಲಿಲ್ಲ.

ಮರುದಿನ ಅಧಿಕಾರಿಯ ಕಚೇರಿಗೆ ಹೋಗಿ ಹೊಸ ನಕ್ಷೆ ಮುಂದಿಟ್ಟು, ಹಳೆಯದು ತಪ್ಪು, ಸಂತೆಯ ದಿನ ತಪ್ಪಿಸಿ ಅಳೆದಿದ್ದೆ ಎಂದು ಬಾಯಿಬಿಟ್ಟು ಹೇಳಿದೆ. ಕಟ್ಟೆಯ ಮೇಲೆ ಮೇಜು, ಸರಪಳಿ ಬರುವುದಾದರೆ ಕೆಲಸ ಸರಿಯಾಗಿ ಮುಗಿದಿದೆ ಎಂಬುದಕ್ಕೆ ನನ್ನ ಸಹಿ ಇರುವುದಿಲ್ಲ ಎಂದೂ ಹೇಳಿದೆ. ಅವರಿಗೆ ಸಿಟ್ಟು ಬಂತು, ನ್ಯಾಯವಾಗಿಯೇ ಬಂತು. “ಇದನ್ನ ಅವತ್ತೇ ಕಟ್ಟೆ ಹತ್ತಿರ ಹೇಳಿದ್ದರೆ ನಾನೇನು ಬೇಡ ಅಂತಿದ್ನಾ ಮೇಡಂ?” ಎಂದರು. ಬಹುಶಃ ಅನ್ನುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಎಳೆದಾಟ ಕೆಲವು ವಾರ ನಡೆಯಿತು. ಉದ್ಘಾಟನೆ ಮುಂದೆ ಹೋಯಿತು, ವೈನಿಯ ಖೋಲಿಗಳು ಬೀಗದಲ್ಲೇ ಉಳಿದವು. ಕೊನೆಗೆ ಮೇಜುಗಳನ್ನು ಒಳಗಿನ ಪಡಸಾಲೆಗೆ ಹಾಕುವುದು, ನಾಲ್ಕರ ಬದಲು ಎರಡೇ ಹಾಕುವುದು, ಓಣಿಯ ಕಟ್ಟೆಗಳನ್ನು ಹೇಗಿವೆಯೋ ಹಾಗೇ ಬಿಡುವುದು ಎಂದಾಯಿತು. ಈ ಸಲ ವೈನಿಯನ್ನು ಕೂಡಿಸಿಕೊಂಡೇ ಮಾತಾಡಿದೆವು. ಅವರು ಹಿಡಿದ ಹಟಕ್ಕೆ ಖೋಲಿಯ ಪರವಾನಗಿಯೂ ಸಿಕ್ಕಿತು. ಮಳಿಗೆ, ಕುಣಿತದ ವಿಚಾರವನ್ನು ಸಿದ್ದಿಯರ ಊರಿಗೇ ಹೋಗಿ ಕೇಳಿ ತೀರ್ಮಾನಿಸುವುದು ಎಂದು ಬರೆದುಕೊಂಡರು. ಯೋಜನೆಯ ಮುಂದಿನ ಭಾಗದ ಕೆಲಸ ಬೇರೆಯವರಿಗೆ ಹೋಯಿತು. ಮಾಡಿದ್ದುಣ್ಣೋ ಮಹಾರಾಯ. ಅದರ ಬಗ್ಗೆ ನನಗೆ ದೂರಿಲ್ಲ.

ನಾಲ್ಕು ಗಾಯಗಳಿಗೆ ಮತ್ತೆ ಗಾರೆ ತುಂಬಿದೆವು. ಎಷ್ಟು ಉಜ್ಜಿದರೂ ಬಣ್ಣ ಕೂಡಲಿಲ್ಲ. ಅದು ಹಸಿ ಇರುವಾಗ ಕಾಯಲು ಮುಳ್ಳನ್ನೂ ಹಾಕಲಿಲ್ಲ, ಹಗ್ಗವನ್ನೂ ಕಟ್ಟಲಿಲ್ಲ. ನಾನು, ಗೌಂಡಿ, ವೈನಿ ಸರದಿಯ ಮೇಲೆ ಮೆಟ್ಟಿಲಲ್ಲಿ ಕೂತು ಬಂದವರಿಗೆಲ್ಲ, ಇಲ್ಲಿ ಹಸಿ ಐತಿ, ಅತ್ತಾಗ ಕೂಡ್ರಿ ಎಂದು ಹೇಳಿದೆವು. ಮೊದಲ ಸಲವೇ ಹೀಗೆ ಮಾಡಬಹುದಿತ್ತು.

ಕಬ್ಬಿನ ಕಡಿತ ಮುಗಿದ ಮೇಲಿನ ಸಂತೆಗೆ ಕೌದಿ ಅಕ್ಕ ಬಂದಳು.

ನಾನು ಪಡಸಾಲೆಯ ಕಿಟಕಿಯ ಚೌಕಟ್ಟು ನೋಡುತ್ತಿದ್ದೆ. ಕಂಕುಳಲ್ಲಿ ಗಂಟು, ಕೊರಳಲ್ಲಿ ಕರಿದಾರದ ಶಿಲುಬೆ, ಅದೇ ನಡಿಗೆ. ವೈನಿ ಬಾಗಿಲಿಗೆ ಓಡಿದರು. ಕಟ್ಟೆಯ ಮೇಲೆ ಆಗಲೇ ಇಬ್ಬರು ಚೀಲ ಇಳಿಸಿಕೊಂಡು ಹರಟುತ್ತಿದ್ದರು. ಆಕೆ ಕೂಡುವ ಮೂಲೆ ಖಾಲಿ ಇತ್ತು. ನೋಡಿ ನನ್ನ ಜೀವ ಹಗುರಾಯಿತು. ಆಕೆ ಮೆಟ್ಟಿಲ ಹತ್ತಿರ ಬಂದಳು. ಚಪ್ಪಲಿ ಬಿಟ್ಟಳು. ತೇಪೆ ಹಾಕಿದ ಗಾರೆಯನ್ನು ನೋಡಿದಳು. ಆಮೇಲೆ ವೈನಿಯ ಕಡೆಗಲ್ಲ, ನನ್ನ ಕಡೆ ತಿರುಗಿ ಕೇಳಿದಳು.

“ಕೂಡ್ಲೇನ್ರಿ ಬಾಯಾರ?”

ವೈನಿ ನನ್ನ ಮುಖ ನೋಡಿದರು. ನಾನು ಕೂಡ್ರಿ ಎಂದೆನೋ, ತಲೆ ಅಲ್ಲಾಡಿಸಿದೆನೋ, ನೆನಪಿಲ್ಲ. ಆಕೆ ಕೂತಳು. ಗೂಡಿನಿಂದ ಕೌದಿ ಬಂತು, ಆ ಮೂಲೆಯ ತುಂಬ ಹಾಸಿಕೊಂಡಿತು. ಹಳದಿ ದಾರ ಪೋಣಿಸಿಕೊಂಡು, ಹೊಲಿಗೆಯನ್ನು ನಿಂತಲ್ಲಿಂದಲೇ ಮುಂದುವರಿಸಿದಳು. ಸಂಜೆಯ ಹೊತ್ತಿಗೆ ಒಂದು ಮೂಲೆ ಮಾತ್ರ ಉಳಿದಾಗ ವೈನಿ ರೊಟ್ಟಿಯ ತುಣುಕು ತಂದು ಪದರದ ಒಳಗಿಟ್ಟರು. ಅಕ್ಕ ಅದನ್ನು ಹೊಲಿದು ಮುಚ್ಚಿ, ಶಿಲುಬೆಯನ್ನು ಮುಟ್ಟಿಕೊಂಡು, ಕೂಸನ್ನು ಇಸಿದುಕೊಂಡು ಕೌದಿಯ ಮೇಲೆ ಮಲಗಿಸಿದಳು. ಅದು ಕೈಕಾಲು ಬಡಿದು ನಕ್ಕಿತು. ಓಣಿಯ ನಾಲ್ಕಾರು ಹೆಂಗಸರು ಸೇರಿದ್ದರು, ಎಲ್ಲರೂ ನಕ್ಕರು.

ಆ ಕೆಲಸ ಮುಗಿದ ಮೇಲೂ ನಾನು ಆಗೀಗ ಹಳಿಯಾಳಕ್ಕೆ ಹೋಗುತ್ತೇನೆ, ಸಂತೆಯ ದಿನವೇ ಹೋಗುತ್ತೇನೆ. ವೈನಿಯ ಖೋಲಿಗಳಿಗೆ ದಾಂಡೇಲಿಯಿಂದ ಜನ ಬರುತ್ತಾರೆ, ಕಟ್ಟೆಯ ಫೋಟೊ ತೆಗೆಯುತ್ತಾರೆ, ಕೆಲವರು ಅಕ್ಕನ ಹತ್ತಿರ ಕೌದಿ ಹಾಕಿಸಿಕೊಳ್ಳುತ್ತಾರೆ. ಗಾರೆ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಎಲ್ಲೂ ಬಿರುಕಿಲ್ಲ. ನನ್ನ ವೃತ್ತಿಯವರು ಬಂದು ನೋಡಿ ಹೊಗಳಿದ್ದಾರೆ. ಅಕ್ಕ ಪ್ರತಿ ಸಂತೆಗೂ ಬರುತ್ತಾಳೆ, ಮೆಟ್ಟಿಲ ಹತ್ತಿರ ಚಪ್ಪಲಿ ಬಿಡುತ್ತಾಳೆ, ಬಾಗಿಲಲ್ಲಿ ಯಾರಿದ್ದರೆ ಅವರನ್ನು ನೋಡುತ್ತಾಳೆ. ವೈನಿ ಬೈದು ನೋಡಿದ್ದಾರೆ, ಆಣೆ ಹಾಕಿ ನೋಡಿದ್ದಾರೆ. ಆಕೆ ನಗುತ್ತಾಳೆ. ಕೇಳಿಯೇ ಕೂಡುತ್ತಾಳೆ.